ಗೆರಟೆ ಮಸಿ: ಎಲ್ಲಿ ಬೇಕು, ಎಲ್ಲಿ ಬೇಡ



ಎರಡು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ನಾವು ಮಸಿಯ ಗುಣಗಾನ ಮಾಡಿ ಒಂದು ಪುಟ ಬರೆದಿದ್ದೆವು. ಪುಸ್ತಕಗಳಲ್ಲಿ ಇದ್ದಿಲು ಎಂದು ಕರೆಯುವುದನ್ನೇ ನಮ್ಮ ಮನೆಗಳಲ್ಲಿ ಮಸಿ ಅನ್ನುತ್ತೇವಲ್ಲ, ಅದನ್ನೇ ಹೇಳುತ್ತಿರುವುದು. ಫ್ರಾನ್ಸ್ ದೇಶದ ಟೂಎರಿ ಎಂಬ ಔಷಧಶಾಸ್ತ್ರಜ್ಞ 1831ರಲ್ಲಿ ವಿದ್ವಾಂಸರ ಸಭೆಯ ಮುಂದೆ ಸ್ಟ್ರಿಕ್ನಿನ್ ವಿಷವನ್ನು ಇದ್ದಿಲಿನ ಪುಡಿಯೊಂದಿಗೆ ಬೆರೆಸಿ ನುಂಗಿ ಬದುಕುಳಿದ ಕಥೆಯನ್ನು ಬಹಳ ಉತ್ಸಾಹದಿಂದ ವಿವರಿಸಿದ್ದೆವು. ಆ ವಿಷ ನಮ್ಮ ಗುಡ್ಡಗಳಲ್ಲಿ ಬೆಳೆಯುವ ಕಾಸರಕನ ಬೀಜದಲ್ಲಿಯೇ ಇದೆ ಎಂದೂ ಸೇರಿಸಿದ್ದೆವು. ಓದಿದವರು ಮೆಚ್ಚಿದರು, ನಮಗೂ ಸಂತೋಷವಾಗಿತ್ತು.

ಆದರೆ ಅಲ್ಲಿಗೆ ಬರಹ ನಿಲ್ಲಿಸಿದ್ದು ನಮ್ಮ ತಪ್ಪು. ಕಳೆದ ಮಳೆಗಾಲದ ಮೊದಲು ನಮ್ಮದೇ ಧರ್ಮಕೇಂದ್ರದ ಒಂದು ಮನೆಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಸಿಟ್ಟಿದ್ದ ಕೀಟನಾಶಕವನ್ನು ಹುಡುಗನೊಬ್ಬ ಗೊತ್ತಾಗದೆ ಕುಡಿದ. ಮನೆಯವರು ಗಾಬರಿಯಲ್ಲಿ ಏನು ಮಾಡಿದರು ಗೊತ್ತೇ? ಬಚ್ಚಲೊಲೆಯ ಮಸಿಯನ್ನು ಅರೆದು, ನೀರಿನಲ್ಲಿ ಕಲಸಿ, ಚಮಚದಲ್ಲಿ ಬಾಯಿಗೆ ಹಾಕಿದರು. ಹುಡುಗ ಆಗಲೇ ಮಂಪರಿನಲ್ಲಿದ್ದ, ನುಂಗಲಾರದೆ ಕೆಮ್ಮಿದ. ಗಾಡಿ ಹೊರಡುವಾಗ ಒಂದು ಗಂಟೆ ಕಳೆದಿತ್ತು. ಮಂಗಳೂರಿನಲ್ಲಿ ಹಲವು ದಿನ ಮಲಗಿ, ದೇವರ ದಯೆಯಿಂದ ಅವನು ಮನೆಗೆ ಬಂದ. ವಿಷಕ್ಕಿಂತಲೂ ಶ್ವಾಸಕೋಶಕ್ಕೆ ಇಳಿದ ಮಸಿಯೇ ಹೆಚ್ಚು ಕಾಟ ಕೊಟ್ಟಿತೆಂದು ವೈದ್ಯರು ಹೇಳಿದರಂತೆ. ನಾವು ನೋಡಲು ಹೋದಾಗ ಅವನ ತಾಯಿ, "ಫಾದರ್, ನೀವು ಬರೆದದ್ದನ್ನು ನೆನಪಿಟ್ಟೇ ಮಾಡಿದ್ದು" ಎಂದರು. ದೂರಿನ ದನಿಯಲ್ಲಿ ಹೇಳಿದ್ದಲ್ಲ. ಆದರೂ ಆ ಮಾತು ನಮ್ಮನ್ನು ಬಿಟ್ಟು ಹೋಗಿಲ್ಲ.

ಆದುದರಿಂದ ಈ ಸಲ ಅದೇ ವಿಷಯವನ್ನು ಮತ್ತೆ ಎತ್ತಿಕೊಂಡಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ತೆಂಗಿನ ಗೆರಟೆಯ ಮಸಿ ಸೇರಬೇಕಾದ್ದು ತೋಟದ ಮಣ್ಣಿಗೆ. ಅದು ಹೊಟ್ಟೆಗೆ ಹೋಗಬಾರದು, ಮುಚ್ಚಿದ ಕೋಣೆಯೊಳಗೆ ಉರಿಯಲೂಬಾರದು. ನಾವಾದರೋ ಇದಕ್ಕೆ ತಿರುಗುಮುರುಗಾಗಿ ನಡೆಯುತ್ತಿದ್ದೇವೆ. ತೋಟಕ್ಕೆ ಹಾಕಬೇಕಾದ್ದನ್ನು ಚಿಲ್ಲರೆ ಕಾಸಿಗೆ ಲಾರಿಗೆ ತುಂಬಿಸಿ, ಹೊಟ್ಟೆ ಶುದ್ಧಿಯ ಹೆಸರಿನಲ್ಲಿ ಅದನ್ನೇ ಮಾತ್ರೆಯಾಗಿ ದುಡ್ಡು ಕೊಟ್ಟು ತರುತ್ತಿದ್ದೇವೆ.

ಮಸಿ ಮಾಡುವುದೆಲ್ಲ ಒಂದೇ ಒಂದು ಕೆಲಸ. ಗಾಳಿ ಸಾಲದ ಬೆಂಕಿಯಲ್ಲಿ ಗೆರಟೆ ಬೆಂದಾಗ ಅದರೊಳಗಿನ ನೀರು, ಎಣ್ಣೆ, ಹೊಗೆ ಎಲ್ಲ ಹೊರಟುಹೋಗಿ ಇಂಗಾಲದ ಗೂಡು ಮಾತ್ರ ಉಳಿಯುತ್ತದೆ. ಕಾರ್ಖಾನೆಯಲ್ಲಿ ಈ ಗೂಡನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿ ಇನ್ನಷ್ಟು ಕೊರೆಯುತ್ತಾರೆ. ಆಗ ಸಿಗುವುದೇ ಸಕ್ರಿಯ ಇದ್ದಿಲು. ಅದರ ಒಂದು ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗಬಹುದು, ಎಂದರೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 25 ಸೆಂಟ್ಸ್ ಜಾಗ. ನಾಲ್ಕು ಗ್ರಾಮಿಗೆ ಒಂದು ಎಕರೆ! ಇಷ್ಟು ವಿಸ್ತಾರದ ಗೋಡೆಗಳಿಗೆ ಬಣ್ಣ, ವಾಸನೆ, ವಿಷ, ಅನಿಲ ಅಂಟಿಕೊಳ್ಳುತ್ತವೆ. ಬಚ್ಚಲೊಲೆಯ ಮಸಿಗೂ ಈ ಗುಣ ಇದೆ, ಆದರೆ ಅಷ್ಟು ಜಾಗ ಇಲ್ಲ. ಜಾಗ ತುಂಬಿದ ಮೇಲೆ ಎಷ್ಟೇ ಒಳ್ಳೆಯ ಮಸಿಯಾದರೂ ಬರಿಯ ಕಪ್ಪು ಕಲ್ಲು.

ಈ ಒಂದೇ ಗುಣವನ್ನು ಲೋಕ ಎಲ್ಲೆಲ್ಲಿ ದುಡಿಸಿಕೊಂಡಿದೆ ಎಂದು ನೋಡಿದರೆ ಬೆರಗಾಗುತ್ತದೆ. 1785ರಲ್ಲಿ ರಷ್ಯಾದ ಲೋವಿಟ್ಸ್ ಎಂಬವರು ಇದ್ದಿಲು ದ್ರಾವಣದ ಬಣ್ಣ ತೆಗೆಯುವುದನ್ನು ಕಂಡುಕೊಂಡರು. ಮುಂದೆ ಸಕ್ಕರೆ ಬಿಳಿಯಾದದ್ದು ಅದೇ ದಾರಿಯಲ್ಲಿ. 1915ರಲ್ಲಿ ಬೆಲ್ಜಿಯಮ್ ದೇಶದ ಈಪ್ರ್ ಬಳಿಯ ರಣರಂಗದಲ್ಲಿ ಕ್ಲೋರಿನ್ ವಿಷಾನಿಲ ಹರಿಯಬಿಟ್ಟ ಮೇಲೆ ಇದ್ದಿಲು ತುಂಬಿದ ಮುಖವಾಡಗಳು ಬಂದವು. 1918ರಲ್ಲಿ ಅಮೆರಿಕದ ಮನೆಮನೆಗಳಲ್ಲಿ ಪೀಚ್ ಹಣ್ಣಿನ ಬೀಜ, ಕಾಯಿಗಳ ಚಿಪ್ಪು ಒಟ್ಟುಮಾಡಿದ್ದು ಈ ಮುಖವಾಡಗಳಿಗಾಗಿಯೇ. ಗೆರಟೆಯ ಇದ್ದಿಲು ಆ ಕೆಲಸಕ್ಕೆ ಬಹಳ ಒಳ್ಳೆಯದೆಂದು ಅಂದಿನ ಸೈನ್ಯಗಳು ಬೇಗನೆ ಅರಿತವು. ಚಿನ್ನದ ಗಣಿಗಳಲ್ಲಿಯೂ ಅಷ್ಟೆ. ಅದಿರಿನಿಂದ ಕರಗಿ ನೀರಿಗೆ ಇಳಿದ ಚಿನ್ನವನ್ನು ಹಿಡಿದುಕೊಳ್ಳಲು ಗೆರಟೆ ಇದ್ದಿಲನ್ನೇ ಆ ರಾಡಿಗೆ ಸುರಿಯುತ್ತಾರೆ. ಅಂದರೆ ನಮ್ಮ ಮನೆಯ ಚಟ್ನಿಗೆ ತುರಿದ ಕಾಯಿಯ ಗೆರಟೆ ಯಾವುದೋ ದೇಶದಲ್ಲಿ ಬಂಗಾರ ಆಯುತ್ತಿರಬಹುದು. ಊರಿನ ಅಕ್ಕಸಾಲಿಗ ತನ್ನ ಕುಲುಮೆಗೆ ಗೆರಟೆ ಮಸಿಯೇ ಬೇಕೆಂದು ಹಟ ಹಿಡಿಯುತ್ತಿದ್ದುದು ಮಾತ್ರ ಬೇರೆ ಕಾರಣಕ್ಕೆ. ಅದರ ಶಾಖ ಗಟ್ಟಿ, ಹೊಗೆ ಕಡಿಮೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಾಡಿನ ಮರವನ್ನು ಸುಟ್ಟ ಇದ್ದಿಲಿನಿಂದ. ಎಷ್ಟು ಕಾಡು ಹೋಗಿರಬಹುದೆಂದು ಯೋಚಿಸಿದರೆ ಗೆರಟೆಯ ಬೆಲೆ ಗೊತ್ತಾಗುತ್ತದೆ. ಇದಕ್ಕಾಗಿ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆವು. ನಮ್ಮ ಧರ್ಮಕೇಂದ್ರದಿಂದ ಡಯಾಲಿಸಿಸ್‌ಗೆ ಹೋಗುವವರು ಇದ್ದಾರೆ. ಆ ಯಂತ್ರಕ್ಕೆ ಹೋಗುವ ನೀರಿನಲ್ಲಿ ಕ್ಲೋರಿನ್ ಉಳಿದರೆ ರೋಗಿಯ ರಕ್ತದ ಕೆಂಪು ಕಣಗಳು ಒಡೆದುಹೋಗುತ್ತವೆ. ಅದನ್ನು ತಡೆಯಲು ಯಂತ್ರದ ಹಿಂದೆ ಸಕ್ರಿಯ ಇದ್ದಿಲು ತುಂಬಿದ ದೊಡ್ಡ ಕೊಳವೆಗಳಿರುತ್ತವೆ. ಮುಂದಿನ ಸಲ ಹೋದಾಗ ಕೇಳಿ ನೋಡಿ, ತೋರಿಸಿಯಾರು.

ಇನ್ನು ಹೊಟ್ಟೆಯ ವಿಷಯ. ಆಸ್ಪತ್ರೆಗಳಲ್ಲಿ ವಿಷ ಸೇವಿಸಿದವರಿಗೆ ಸಕ್ರಿಯ ಇದ್ದಿಲು ಕೊಡುವ ಕ್ರಮ ಇದೆ, ಸುಳ್ಳಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ, ಅದೂ ವಿಷ ಒಳಗೆ ಹೋದ ಒಂದು ಗಂಟೆಯ ಒಳಗಾದರೆ ಹೆಚ್ಚು ಪ್ರಯೋಜನ. ಆದರೆ ಸೀಮೆಎಣ್ಣೆ, ಪೆಟ್ರೋಲು, ಆಸಿಡ್, ಕ್ಷಾರ, ಸಾರಾಯಿ, ಕಬ್ಬಿಣದ ಮಾತ್ರೆ ಇವುಗಳ ಮುಂದೆ ಇದ್ದಿಲು ಕೈಚೆಲ್ಲುತ್ತದೆ. ಕೀಟನಾಶಕಗಳ ಬಗ್ಗೆಯೂ ಭರವಸೆಯ ಮಾತಿಲ್ಲ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಸುಮಾರು 4,600 ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೃಷಿ ವಿಷ ಮತ್ತು ಹಳದಿ ಕರವೀರದ ಬೀಜ ಸೇವಿಸಿದವರು ಬಹಳ ಮಂದಿ. ಎಲ್ಲರಿಗೂ ವಾಡಿಕೆಯಂತೆ ಇದ್ದಿಲು ಕೊಟ್ಟದ್ದರಿಂದ ಸಾವು ಕಡಿಮೆಯಾಗಲಿಲ್ಲ. ಯಾವ ವಿಷ, ಎಷ್ಟು ಹೊತ್ತಾಯಿತು, ರೋಗಿಗೆ ಎಚ್ಚರ ಇದೆಯೇ ಎಂಬುದನ್ನೆಲ್ಲ ನೋಡಿ ವೈದ್ಯರು ತೀರ್ಮಾನಿಸಬೇಕಾದ ಸಂಗತಿ ಇದು.

ಆದ್ದರಿಂದ ಹಿಂದೆ ಬರೆದದ್ದನ್ನು ಇಂದು ತಿದ್ದುತ್ತೇವೆ. ಮನೆಯಲ್ಲಿ ಯಾರಾದರೂ ವಿಷ ಕುಡಿದರೆ ಮಸಿ ಅರೆಯಬೇಡಿ, ಉಪ್ಪುನೀರು ಕುಡಿಸಬೇಡಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಮಂಪರಿನಲ್ಲಿದ್ದರೆ ಒಂದು ಮಗ್ಗುಲಾಗಿ ಮಲಗಿಸಿ, ವಿಷದ ಬಾಟಲಿಯನ್ನು ಲೇಬಲ್ ಸಹಿತ ಕೈಯಲ್ಲಿ ಹಿಡಿದುಕೊಂಡು ಹತ್ತಿರದ ಆಸ್ಪತ್ರೆಗೆ ಓಡಿ. ನಮ್ಮ ಗಡಿನಾಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಮ್ಮವರು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಆಸ್ಪತ್ರೆ ದೂರವಾದಷ್ಟೂ ಮನೆಮದ್ದಿನ ಮೇಲೆ ನಂಬಿಕೆ ಹೆಚ್ಚುವುದು ಸಹಜವೇ. ಆದರೂ ಮೊದಲ ಚಿಕಿತ್ಸೆಗೆ ಮಂಗಳೂರೇ ಆಗಬೇಕೆಂದಿಲ್ಲ, ಹತ್ತಿರದ ಸರಕಾರಿ ಆಸ್ಪತ್ರೆಗೆ ಮೊದಲು ಮುಟ್ಟಿಸಿ. ಮತ್ತು ದಯವಿಟ್ಟು, ದಯವಿಟ್ಟು, ಕುಡಿಯುವ ಬಾಟಲಿಗೆ ವಿಷ ತುಂಬಿಸಬೇಡಿ.

ಹೊಟ್ಟೆ ಶುದ್ಧಿಗೆಂದು ಮಾರುವ ಕಪ್ಪು ಮಾತ್ರೆಗಳ ಬಗ್ಗೆಯೂ ಒಂದು ಮಾತು. ಎಂಡೋಸಲ್ಫಾನ್‌ನ ನೋವು ಉಂಡ ಜಿಲ್ಲೆ ನಮ್ಮದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸುವುದು 2000ದವರೆಗೂ ನಡೆದಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಹೀಗಿರುವಾಗ ಮೈಯೊಳಗಿನ ಹಳೆಯ ವಿಷವನ್ನೆಲ್ಲ ಹೀರುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮ ಜನರ ಮನಸ್ಸು ಕರಗುತ್ತದೆ. ಬಂಧುಗಳೇ, ನುಂಗಿದ ಇದ್ದಿಲು ಕರುಳಿನಲ್ಲಿ ಸಾಗಿ ಹೊರಗೆ ಹೋಗುತ್ತದೆ ಅಷ್ಟೆ. ವರ್ಷಗಳ ಹಿಂದೆ ಮೈಗೆ ಸೇರಿದ್ದನ್ನು ಅದು ತೆಗೆಯಲಾರದು. ಅದರ ಬದಲಿಗೆ ಬೆಳಿಗ್ಗೆ ನುಂಗಿದ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಹೃದಯದ ಮಾತ್ರೆಯನ್ನೋ ಹಿಡಿದುಕೊಂಡು ಹೋದೀತು. ಉಮಿಕರಿಯಲ್ಲಿ ಹಲ್ಲುಜ್ಜಿಯೇ ಬೆಳೆದವರು ನಾವೂ ಹೌದು. ಈಗ ದಂತವೈದ್ಯರು ನಮ್ಮ ಹಲ್ಲಿನ ಸವೆತವನ್ನು ಕನ್ನಡಿಯಲ್ಲಿ ತೋರಿಸಿ ನಗುತ್ತಾರೆ.

ಮುಚ್ಚಿದ ಕೋಣೆಯ ವಿಷಯ ಇದಕ್ಕಿಂತಲೂ ಗಂಭೀರ. ಬಾಣಂತಿಯ ಕೋಣೆಯಲ್ಲಿ ಕೆಂಡದ ಚಟ್ಟಿ ಇಟ್ಟು, ಧೂಪ ಹಾಕಿ, ಗಾಳಿ ತಗಲಬಾರದೆಂದು ಕಿಟಕಿ ಬಾಗಿಲು ಭದ್ರಪಡಿಸುವ ಪದ್ಧತಿ ನಮ್ಮ ಹಿರಿಯರದು. ಹೊಗೆ ಇಲ್ಲದ ಕೆಂಡದಿಂದ ಏನೂ ತೊಂದರೆ ಇಲ್ಲವೆಂದು ಅಜ್ಜಿಯಂದಿರು ವಾದಿಸುತ್ತಾರೆ. ಹೊಗೆಯಾದರೂ ಕಣ್ಣುರಿಸಿ ಎಚ್ಚರಿಸುತ್ತದೆ. ನಿಗಿನಿಗಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ತಲೆನೋವು, ಹೊಟ್ಟೆ ತೊಳಸು, ಆಮೇಲೆ ನಿದ್ದೆ. ಬಾಣಂತಿಗೆ ನಿದ್ದೆ ಬಂದರೆ ಒಳ್ಳೆಯದೆಂದು ಮನೆಯವರು ಸುಮ್ಮನಿರುತ್ತಾರೆ. ಕೂಸಂತೂ ಹೇಳಲಾರದು. ಬೆಚ್ಚಗೆ ಇಡಬೇಕಾದರೆ ಬಟ್ಟೆ ಹೊದಿಸಿ, ತಾಯಿಯ ಮಗ್ಗುಲಲ್ಲಿ ಮಲಗಿಸಿ. ಕೆಂಡ ಮಾತ್ರ ಅಂಗಳದಲ್ಲಿರಲಿ. ಚರ್ಚಿನಲ್ಲಿಯೂ ಧೂಪಪಾತ್ರೆಗೆ ಕೆಂಡ ಮಾಡುವ ಮಕ್ಕಳಿಗೆ ಬಾಗಿಲ ಹೊರಗೆ ಗಾಳಿಯಲ್ಲಿ ಮಾಡಿರೆಂದು ಹೇಳಿಬಿಟ್ಟಿದ್ದೇವೆ.

ಬಾವಿಯ ನೀರಿಗೆ ಮಸಿಯ ಸೋಸುವಿಕೆ ಒಳ್ಳೆಯದೇ. ವಾಸನೆ, ಬಣ್ಣ, ಬ್ಲೀಚಿಂಗ್ ಪುಡಿಯ ಘಾಟು ಹೋಗುತ್ತವೆ. ರೋಗಾಣು ಸಾಯುವುದಿಲ್ಲ, ಆದ್ದರಿಂದ ಕುದಿಸಿಯೇ ಕುಡಿಯಿರಿ. ಬದಲಿಸದ ಹಳೆಯ ಮಸಿಯಲ್ಲಿ ರೋಗಾಣುಗಳೇ ಮನೆ ಮಾಡುತ್ತವೆ.

ಈಗ ನಮಗೆ ಇಷ್ಟವಾದ ಭಾಗಕ್ಕೆ ಬಂದೆವು. ನಮ್ಮ ಮುರಕಲ್ಲಿನ ಮಣ್ಣು ಹುಳಿ ಮಣ್ಣು. ಒಂದು ಮಳೆಗಾಲ ಸುರಿದರೆ ಹಾಕಿದ ಗೊಬ್ಬರದ ಸಾರವೆಲ್ಲ ತೋಡಿನಲ್ಲಿ ಹರಿದು ಸಮುದ್ರ ಸೇರುತ್ತದೆ. ನಮ್ಮ ಹಿರಿಯರು ಸೊಪ್ಪುಸದೆಯ ಮೇಲೆ ಮಣ್ಣು ಮುಚ್ಚಿ ನಿಧಾನ ಬೆಂಕಿಯಲ್ಲಿ ಸುಡುಮಣ್ಣು ಮಾಡಿ ಬಸಳೆಗೆ, ಅಲಸಂಡೆಗೆ ಹಾಕುತ್ತಿದ್ದರಲ್ಲ, ಅದರ ಕಪ್ಪು ಚೂರುಗಳೇ ಮಸಿ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ, ನಮ್ಮಂತೆಯೇ ಮಳೆ ಹೊಡೆದು ಸಾರ ಕಳೆದ ಕೆಂಪು ನೆಲದ ನಡುವೆ, ಅಲ್ಲಿನ ಮೂಲನಿವಾಸಿಗಳು ಮಸಿ, ಎಲುಬು, ಅಡಿಗೆಮನೆಯ ಕಸ ಸೇರಿಸಿ ಮಾಡಿದ ಕಪ್ಪು ಮಣ್ಣು ಶತಮಾನಗಳು ಕಳೆದರೂ ಇಂದಿಗೂ ಫಲವತ್ತಾಗಿದೆ. ಮಸಿ ಗೊಬ್ಬರವಲ್ಲ, ಗೊಬ್ಬರದ ಗೋದಾಮು. ಸಾರವನ್ನು ಹಿಡಿದಿಟ್ಟು ಬೇರಿಗೆ ಮೆಲ್ಲಮೆಲ್ಲನೆ ಕೊಡುತ್ತದೆ.

ಮಾಡುವ ಕ್ರಮ ಸುಲಭ. ಬೋಗುಣಿಯಂತೆ ಇಳಿಜಾರಾದ ಗುಂಡಿ ತೋಡಿ, ತಳದಲ್ಲಿ ಬೆಂಕಿ ಹಿಡಿಸಿ. ಒಣ ಗೆರಟೆಯನ್ನು ಒಂದು ಪದರ ಹಾಕಿ. ಅದರ ಮೇಲೆ ಬಿಳಿ ಬೂದಿ ಕಾಣಿಸಿಕೊಂಡೊಡನೆ ಇನ್ನೊಂದು ಪದರ. ಮೇಲಿನ ಜ್ವಾಲೆ ಕೆಳಗಿನ ಹೊಗೆಯನ್ನು ತಿನ್ನುತ್ತದೆ, ಗಾಳಿಯನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಗುಂಡಿ ತುಂಬಿದಾಗ ನೀರು ಸುರಿದು ಪೂರ್ತಿ ನಂದಿಸಿ. ಬಾವಿಯ ಹತ್ತಿರ ಮಾತ್ರ ಈ ಕೆಲಸ ಬೇಡ, ನಂದಿಸಿದ ನೀರು ಬಾವಿ ಕೆಡಿಸುತ್ತದೆ. ಆರಿದಂತೆ ಕಂಡ ಮಸಿ ಒಳಗೊಳಗೇ ಮತ್ತೆ ಹೊತ್ತಿಕೊಳ್ಳುವುದುಂಟು, ಎರಡು ದಿನ ಬಯಲಲ್ಲೇ ಇರಲಿ.

ಹಸಿ ಮಸಿಯನ್ನು ನೇರ ಬುಡಕ್ಕೆ ಹಾಕಿದವರು ಗಿಡ ಹಳದಿಯಾಯಿತೆಂದು ನಮ್ಮಲ್ಲಿ ದೂರಿದ್ದಾರೆ. ಆಗದೆ ಇನ್ನೇನು, ಖಾಲಿ ಗೋದಾಮು ಮೊದಲು ತನ್ನನ್ನೇ ತುಂಬಿಕೊಳ್ಳುತ್ತದೆ. ಕಡಲೆ ಗಾತ್ರಕ್ಕೆ ಕುಟ್ಟಿ, ಹಟ್ಟಿಯ ಗಂಜಳದಲ್ಲಿಯೋ ಗೋಬರ್ ಗ್ಯಾಸಿನ ಸ್ಲರಿಯಲ್ಲಿಯೋ ಎರಡು ವಾರ ನೆನೆಸಿ, ಒಂದು ಬುಟ್ಟಿಗೆ ಮೂರು ನಾಲ್ಕು ಬುಟ್ಟಿ ಹಟ್ಟಿಗೊಬ್ಬರ ಬೆರೆಸಿ ಹಾಕಿ. ಎಲ್ಲ ಮರಗಳಿಗೂ ಒಮ್ಮೆಲೇ ಬೇಡ. ಎರಡು ತೆಂಗಿಗೆ ಹಾಕಿ, ಎರಡನ್ನು ಬಿಟ್ಟು ನೋಡಿ. ಸಂಶಯ ಇದ್ದವರು ಕಾಸರಗೋಡಿನ ಸಿಪಿಸಿಆರ್‌ಐಗೆ ಹೋಗಿ ಕೇಳಬಹುದು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಜಾಗ ನಮ್ಮ ಹಿತ್ತಲಲ್ಲೇ ಇದ್ದೂ ನಾವು ಅತ್ತ ಮುಖ ಹಾಕುವುದು ಕಡಿಮೆ.

ಲಾರಿಯವನಿಗೆ ಗೆರಟೆ ಮಾರಬಾರದೆಂದು ನಾವು ಹೇಳುವುದಿಲ್ಲ. ಕೈಯಲ್ಲಿ ಕಾಸಿಲ್ಲದ ಮನೆಗೆ ಅದೂ ಒಂದು ಆದಾಯ. ಅರ್ಧ ಮಾರಿ, ಅರ್ಧ ತೋಟಕ್ಕೆ ಇಡಿ ಎಂಬುದಷ್ಟೇ ನಮ್ಮ ಕೋರಿಕೆ.

ಸ್ಮಶಾನದ ಆಚೆಯ ಖಾಲಿ ಜಾಗದಲ್ಲಿ ಗುಂಡಿ ತೋಡಿಸಿದ್ದೇವೆ. ಬರುವ ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ಒಂದು ಸಲ ಮಾಡಿ ತೋರಿಸಲಾಗುವುದು. ವಾರ್ಡಿಗೆ ಒಂದು ಗೋಣಿ ಒಣ ಗೆರಟೆ ತಂದರೆ ಸಾಕು. ಬೆಂಕಿ ನೋಡಿಕೊಳ್ಳಲು ಆ ಹುಡುಗನ ತಂದೆಯೇ ಬರುತ್ತೇನೆಂದು ಒಪ್ಪಿದ್ದಾರೆ. ನೀರಿನ ಕೊಡಗಳನ್ನು ಮರೆಯದೆ ತನ್ನಿ, ಅಲ್ಲಿಗೆ ನಳ್ಳಿ ಇಲ್ಲ.