ಹೊಸ ಕೃತಿಯನ್ನು ಕಟ್ಟುವವರಿಗೆ

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನಾರೇಯಣ ತಾತಯ್ಯನವರ ಹೆಸರಿನಲ್ಲಿ ನಡೆಯುವ ಗುರುಪೂರ್ಣಿಮೆಯ ಸಂಗೀತೋತ್ಸವವನ್ನು ಕೇಳಿ ಬಂದವರಿಗೆ, ತಾವೂ ಒಂದು ಕೃತಿಯನ್ನು ಕಟ್ಟಬೇಕೆಂಬ ಆಸೆ ಹುಟ್ಟುವುದು ಸಹಜವೇ. ಅಂತಹ ವಾಚಕರು ರಾಗವನ್ನು ಆಯುವುದಕ್ಕೆ ಮುನ್ನ, ಆದಿತಾಳದ 8 ಅಕ್ಷರಗಳನ್ನು ಕೈಯಲ್ಲಿ ಹಾಕುತ್ತ ಪಲ್ಲವಿಯನ್ನು ಬರಿಯ ಮಾತಾಗಿ ನಾಲ್ಕಾರು ಬಾರಿ ಓದಿ ನೋಡಬೇಕು. ಕಾರ್ವೆಯು ದೀರ್ಘಾಕ್ಷರದ ಮೇಲೆಯೇ ಬೀಳಲಿ. ಹ್ರಸ್ವದ ಮೇಲೆ ಸ್ವರವನ್ನು ನಿಲ್ಲಿಸಿದರೆ ‘ಹರಿ’ಯು ‘ಹಾರಿ’ಯಾಗಿಬಿಡುವನು, ನಾವೇ ಒಮ್ಮೆ ಹೀಗೆ ಕಟ್ಟಿ, ಮನೆಯ ಮಕ್ಕಳ ನಗೆಗೆ ಗುರಿಯಾದೆವು! ಮೊದಲ ರಚನೆಗೆ ಮೋಹನ, ಮಧ್ಯಮಾವತಿಗಳೇ ಸಾಕು. ಅಪೂರ್ವರಾಗಗಳ ಚಪಲ ಬೇಡ. ಸಭೆಯಲ್ಲಿ ಹಾಡುವುದಾದರೆ, ಪಲ್ಲವಿಯು ಯಾವ ಅಕ್ಷರದಲ್ಲಿ ಎತ್ತುವುದೆಂಬುದನ್ನು ಗುರುತಿಸಿದ ಸ್ವರಸಾಹಿತ್ಯದ ಪ್ರತಿಯನ್ನು ಪಿಟೀಲು, ಮೃದಂಗದವರಿಗೆ ಹಿಂದಿನ ದಿನವೇ ಕೊಡತಕ್ಕದ್ದು. ವೇದಿಕೆಯ ಮೇಲೆ ಅವರ ಕಿವಿಯಲ್ಲಿ ಪಿಸುಗುಟ್ಟುವುದು ಅವರಿಗೆ ಮಾಡುವ ಅನ್ಯಾಯ.