ನಡುನೀರಿನ ಶಿಲಾಮಂದಿರ

ತುರ್ಕಿಯ ಪೂರ್ವಭಾಗದಲ್ಲಿ ವಾನ್ ಎಂಬ ಮಹಾಸರೋವರವಿದೆ. ನೀರೇನೋ ಕಡಲಿನಂತೆ ನೀಲಿ. ಕ್ಷಾರಮಯವಾದುದರಿಂದ ಕುಡಿಯಲು ಬಾರದು. ದಕ್ಷಿಣ ದಡದಿಂದ ಸುಮಾರು 3 ಕಿಲೋಮೀಟರು ದೂರದಲ್ಲಿ ಅಖ್ತಮಾರ್ ಎಂಬ ಪುಟ್ಟ ದ್ವೀಪ. ಈ ವಾರ ವಾಚಕರನ್ನು ಅಲ್ಲಿಗೆ ಕರೆದೊಯ್ಯುವ ಬಯಕೆ ನನ್ನದು. ದೋಣಿಯ ಬಾಡಿಗೆ ಕೊಡಬೇಕಾಗಿಲ್ಲ.

ಹತ್ತನೆಯ ಶತಮಾನದಲ್ಲಿ ಈ ಸೀಮೆ ವಾಸ್ಪುರಕಾನ್ ಎಂಬ ಅರ್ಮೇನಿಯನ್ ರಾಜ್ಯವಾಗಿತ್ತು. ಅದರ ಅರಸ ಗಾಗಿಕ್ ದ್ವೀಪದಲ್ಲಿ ಅರಮನೆಯನ್ನೂ, 915ರಿಂದ 921ರವರೆಗೆ ಪವಿತ್ರ ಶಿಲುಬೆಯ ಚರ್ಚನ್ನೂ ಕಟ್ಟಿಸಿದನು. ಸ್ಥಪತಿಯ ಹೆಸರು ಮಾನುವೆಲ್. ಶತ್ರುಗಳ ಕೋಟೆಯೊಂದನ್ನು ಕೆಡವಿ, ಅದರ ಕಲ್ಲುಗಳನ್ನೇ ನೀರಿನ ಮೇಲೆ ಸಾಗಿಸಿ ತಂದರಂತೆ. ಅರಮನೆ ಅಳಿದುಹೋಯಿತು, ಅದರ ವರ್ಣನೆ ಮಾತ್ರ ಹಳೆಯ ಚರಿತ್ರೆಯ ಪುಟಗಳಲ್ಲಿ ಉಳಿದಿದೆ.

ಚರ್ಚು ಗಾತ್ರದಲ್ಲಿ ದೊಡ್ಡದಲ್ಲ. ಶಿಲುಬೆಯಾಕಾರದ ತಳವಿನ್ಯಾಸ, ನಡುವೆ ಎತ್ತರದ ಗುಮ್ಮಟ, ಅದರ ಮೇಲೆ ಮೊನಚಾದ ಕಲ್ಲಿನ ಮಾಡು. ಒಳಗೆ ವರ್ಣಚಿತ್ರಗಳುಂಟು. ಆದರೆ ಕಣ್ಣು ನೆಡುವುದು ಹೊರಗೋಡೆಗಳಲ್ಲಿ. ಕೆಂಬಣ್ಣದ ಕಲ್ಲಿನಲ್ಲಿ ಆದಾಮ ಮತ್ತು ಹವ್ವ, ಗೊಲಿಯಾತನೆದುರು ನಿಂತ ದಾವೀದ, ಯೋನನನ್ನು ನುಂಗುವ ಮೀನು ಎಲ್ಲವೂ ಇವೆ. ಮೀನೆಂದರೆ ಮೀನಲ್ಲ, ಕಿವಿಯೂ ಹಲ್ಲೂ ಉಳ್ಳ ನಾಯಿಮೊಗದ ಪ್ರಾಣಿ! ಪಾಪ, ಶಿಲ್ಪಿ ತಿಮಿಂಗಿಲವನ್ನು ಕಂಡಿರಲಾರ. ಮೇಲ್ಗಡೆ ಗೋಡೆಯನ್ನು ಸುತ್ತುವರಿದ ದ್ರಾಕ್ಷಿಬಳ್ಳಿ, ಅದರ ನಡುವೆ ಜನರು, ಮೃಗಗಳು. ಪಶ್ಚಿಮದ ಗೋಡೆಯಲ್ಲಿ ಗಾಗಿಕ್ ಅರಸನೇ ಚರ್ಚಿನ ಮಾದರಿಯನ್ನು ಕ್ರಿಸ್ತನಿಗೆ ಒಪ್ಪಿಸುತ್ತಿದ್ದಾನೆ. ಕ್ರಿಸ್ತನ ಉಡುಪು ಸರಳ. ಅರಸನ ನಿಲುವಂಗಿಯ ತುಂಬ ಕುಸುರಿ. ವಿನಯದಲ್ಲಿಯೂ ಅರಸುತನ ಮರೆಯಾಗಿಲ್ಲವೆಂದು ನನಗೆ ತೋರುತ್ತದೆ.

1915ರ ಘೋರ ಹತ್ಯಾಕಾಂಡದಲ್ಲಿ ಆ ಸೀಮೆ ಅರ್ಮೇನಿಯನ್ನರಿಲ್ಲದೆ ಬರಿದಾಯಿತು. ಹಾಳುಬಿದ್ದ ಚರ್ಚನ್ನು ಕೆಡವಲು 1951ರಲ್ಲಿ ಅಪ್ಪಣೆಯೂ ಹೊರಟಿತು. ಆಗ ಇಸ್ತಾಂಬುಲಿನ ಪತ್ರಿಕೆಯೊಂದರಲ್ಲಿ ಹೊಸದಾಗಿ ಸೇರಿದ್ದ ತರುಣ ವರದಿಗಾರರೊಬ್ಬರು ಆ ಕಡೆ ಬಂದಿದ್ದರು. ಹಡಗಿನಲ್ಲಿ ಭೇಟಿಯಾದ ಸೈನ್ಯದ ವೈದ್ಯರೊಬ್ಬರಿಂದ ಅವರಿಗೆ ಸುದ್ದಿ ತಿಳಿಯಿತು. ಕೂಡಲೆ ಪತ್ರಿಕೆಯ ಮುಖ್ಯಸ್ಥರಿಗೆ ತಿಳಿಸಿದರು. ಅವರು ಶಿಕ್ಷಣಮಂತ್ರಿಗೆ ಹೇಳಿದರು. ಜೂನ್ 25ರಂದು ಕೆಲಸ ನಿಂತಿತು. ಅಷ್ಟರಲ್ಲಿ ಪಕ್ಕದ ಕಿರುಮಂದಿರ ನೆಲಕಚ್ಚಿಯಾಗಿತ್ತು. ಆ ವರದಿಗಾರರೇ ಮುಂದೆ ಕಾದಂಬರಿಕಾರರಾಗಿ ಜಗತ್ಪ್ರಸಿದ್ಧರಾದ ಯಶಾರ್ ಕೆಮಾಲ್. ಅವರದು ವಾನ್ ಸೀಮೆಯಿಂದ ವಲಸೆ ಹೋದ ಕುರ್ದ್ ಮನೆತನ.

ಚರ್ಚು ದುರಸ್ತಿಗೊಂಡು 2007ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. 2010ರ ಸೆಪ್ಟೆಂಬರಿನಲ್ಲಿ, 95 ವರ್ಷಗಳ ತರುವಾಯ, ಅಲ್ಲಿ ಮತ್ತೆ ಪ್ರಾರ್ಥನೆ ನಡೆಯಿತು. ಅಂದಿಗೆ ಗುಮ್ಮಟದ ತುದಿಯಲ್ಲಿ ಶಿಲುಬೆಯಿರಲಿಲ್ಲ. ಕೆಲವು ದಿನಗಳಾದ ಮೇಲೆ ಏರಿಸಿದರು.