ಬಂಡಿಯ ಓಟವೂ ಮುಳ್ಳುಗೋಲೂ

ಬಾಲ್ಯದಲ್ಲಿ ತಿಮ್ಮಾಪುರದ ಎರೆಹೊಲಗಳಲ್ಲಿ ನಾವೂ ಬಂಡಿಯ ಪಂದ್ಯ ಹೂಡಿದವರೇ, ಬಾರುಕೋಲು ಬೀಸಿದವರೇ. ಈಚೆಗೆ ಅಂಥದೊಂದು ಪಂದ್ಯವನ್ನು ಮತ್ತೆ ನೋಡಿ ಖಿನ್ನನಾಗಿ ಮರಳಿದೆನು. ಹೊಡೆಯುವವನ ಕೈಯಲ್ಲಿ ಮೊಳೆಯ ಕೋಲಿತ್ತು. ಕೇಳಿದರೆ, “ಪೂರ್ವಿಕರ ಸಂಪ್ರದಾಯ, ನ್ಯಾಯಾಲಯವೂ ಒಪ್ಪಿದೆ” ಎಂಬುತ್ತರ!

ಒಪ್ಪಿದ್ದೇನನ್ನು? ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಈ ಪಂದ್ಯಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಕಾಯಿದೆಯನ್ನು ತಿದ್ದಿ ಅವಕಾಶವಿತ್ತಿತು. 2023ರಲ್ಲಿ ಅದೇ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದರೆ ಮೂಕಪ್ರಾಣಿಗೆ ಅನಾವಶ್ಯಕವಾದ ನೋವನ್ನುಂಟುಮಾಡಬಾರದೆಂಬ ಕರಾರು ಆ ತಿದ್ದುಪಡಿಯಲ್ಲಿಯೇ ಇದೆ. ಅನುಮತಿಯನ್ನು ಹಿಡಿದು ಕರಾರನ್ನು ಬಿಡುವುದು ಯಾವ ನ್ಯಾಯ?

ಮೊಮ್ಮಗನ ಗಣಕಯಂತ್ರದ ಪಂದ್ಯದಲ್ಲಿ ಉರುಳಿದ ಬಂಡಿ ಕ್ಷಣದಲ್ಲಿ ಏಳುತ್ತದೆ. ಎತ್ತಿನ ಗಾಯ ಹಾಗೆ ಮಾಯುವುದಿಲ್ಲ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು ಪೂಜಿಸುವ ನಾವು ಇಷ್ಟನ್ನಾದರೂ ಅರಿಯಬೇಡವೇ? ಮುಳ್ಳುಗೋಲು ತಂದವನ ಬಂಡಿಯನ್ನು ಪಂಚರು ಕಣದಿಂದ ಹೊರಗಿಡಲಿ.